ಚಾರ್ಜಿಗಿಟ್ಟ ಕಿವಿ

ಇವತ್ತು ಸಂಜೆ ಘಟ್ಟದ ಕಡೆಯಿಂದ ಈ ವರ್ಷದ ಮೊದಲ ಗುಡುಗು ಕೇಳಿಸಿತು. ದೊಡ್ಡದೇನಲ್ಲ, ಅಟ್ಟದ ಮೇಲೆ ಯಾರೋ ತೆಂಗಿನಕಾಯಿ ಉರುಳಿಸಿದಷ್ಟು. ಆದರೂ ಅರ್ಧ ಕುಡಿದ ಚಾ ಬಿಟ್ಟು ಎದ್ದೆ. ನಮ್ಮ ಬಸ್ರೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಗುಡುಗಿದರೆ ನಮಗೆ ಮೊದಲು ನೆನಪಾಗುವುದು ಮಳೆಯಲ್ಲ, ಪಿನ್ನು. ಟಿ.ವಿ.ಯ ಪಿನ್ನು, ಫ್ರಿಜ್ಜಿನ ಪಿನ್ನು, ಮೊಬೈಲಿನ ಪಿನ್ನು ಎಲ್ಲವನ್ನೂ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದೇ ಎಂದು ಕೇಳುವವರು ಸಿಡಿಲಿಗೆ ಒಂದು ಟಿ.ವಿ.ಯನ್ನೂ ಕೊಡದ ಪುಣ್ಯವಂತರು.

ಕೊನೆಯದು ಜಗಲಿಯ ಮೂಲೆಯ ಪಿನ್ನು. ಅದರ ವಯರಿನ ತುದಿಗೆ ಒಂದು ಸಣ್ಣ ಬಿಳಿ ಡಬ್ಬ, ಡಬ್ಬದೊಳಗೆ ಹುಣಸೆಬೀಜದ ಗಾತ್ರದ ಎರಡು ಯಂತ್ರ, ಎರಡು ಹಸಿರು ದೀಪ. ಅದು ನಮ್ಮ ಶೀನ ಮಾವನ ಕಿವಿ. ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುಡುಗಿದ್ದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಕಿವಿಯೇ ಚಾರ್ಜಿಗಿದೆಯಲ್ಲ. ನಾನು ಪಿನ್ನಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟೆ. ಆ ಪಿನ್ನು ಕೀಳುವುದು ಅಮ್ಮನ ಕೆಲಸವಾಗಿತ್ತು. ಅಮ್ಮ ಕಳೆದ ಮಳೆಗಾಲದ ಕೊನೆಗೆ ತೀರಿಕೊಂಡಳು. ಅವಳಿಲ್ಲದ ಮೊದಲ ಗುಡುಗು ಇದು.

ಶೀನ ಮಾವ ಅಮ್ಮನ ಅಣ್ಣ. ಅಜ್ಜ ತೀರಿಕೊಂಡಾಗ ಮೀಸೆಯೂ ಮೂಡದ ವಯಸ್ಸಿನಲ್ಲಿ ಬೊಂಬಾಯಿ ಬಸ್ಸು ಹತ್ತಿದವರು. ಮೊದಲು ಪ್ಲೇಟು ತೊಳೆದರು, ಆಮೇಲೆ ದೋಸೆಕಾವಲಿಯ ಮುಂದೆ ನಿಂತರು, ಕಡೆಗೆ ಸ್ವಂತದ್ದೊಂದು ಕ್ಯಾಂಟೀನು ಮಾಡಿದರು. ಅಮ್ಮನ ಮದುವೆ ಮಾಡಿಸಿದ್ದು ಅವರು, ನನ್ನನ್ನು ಓದಿಸಿದ್ದೂ ಅವರೇ. ಅವರ ಮದುವೆಯ ಮಾತು ಪ್ರತಿ ವರ್ಷ ಬರುತ್ತಿತ್ತು, ಬರುವ ವರ್ಷಕ್ಕೆ ಹೋಗುತ್ತಿತ್ತು. ಹೀಗೆ ಮುಂದಕ್ಕೆ ಹಾಕಿ ಹಾಕಿ ಕಡೆಗೆ ಕೇಳುವವರೇ ಇಲ್ಲದಾದರು. ಕ್ಯಾಂಟೀನು ಮುಚ್ಚಿ ಊರಿಗೆ ಬಂದಾಗ ಅವರ ಹತ್ತಿರ ಎರಡು ಸೂಟ್‌ಕೇಸೂ, ಪಾತ್ರೆಯ ಸದ್ದು ತಿಂದು ಮುಗಿಸಿದ ಎರಡು ಕಿವಿಯೂ ಇದ್ದವು. ನಮ್ಮ ಮನೆಗೇ ಬಂದರು. ತಂಗಿಯ ಮನೆ ಬಿಟ್ಟು ಅವರಿಗೆ ಬೇರೆ ಮನೆ ಯಾವುದು?

ಕಿವಿಗೆ ಯಂತ್ರ ತಂದ ಮೇಲೆ ನನಗೆ ತಿಳಿದದ್ದೇನೆಂದರೆ, ಇಡೀ ದಿನ ಬರುವ ಚಾರ್ಜನ್ನೂ ಜಿಪುಣತನದಿಂದ ಬಳಸಬಹುದು. ಯಾರ ಮಾತಿಗೆ ಎಷ್ಟು ಚಾರ್ಜು ಎಂಬುದನ್ನು ಮಾವನೇ ನಿಶ್ಚಯಿಸುತ್ತಿದ್ದರು. ನೆರೆಮನೆಯವರು ಬಂದು ರಾಜಕೀಯ ಶುರುಮಾಡಿದರೆ ಮೆಲ್ಲಗೆ ಕಿವಿ ಬಿಚ್ಚಿ ಜೇಬಿಗೆ ಹಾಕುತ್ತಿದ್ದರು. "ಇವ್ರ್ ಮಾತಿಗೆಲ್ಲ ಚಾರ್ಜ್ ಖರ್ಚ್ ಮಾಡುಕಾತ್ತಾ?" ಎಂದು ಆಮೇಲೆ ನನಗೆ ಹೇಳುತ್ತಿದ್ದರು. ನಗುತ್ತಿದ್ದೆ. ನಾನು ಸಕ್ಕರೆ ಕಡಿಮೆ ಮಾಡಿ ಎಂದು ಉಪದೇಶಕ್ಕೆ ತೊಡಗಿದಾಗಲೂ ಅವರ ಕೈ ಕಿವಿಗೆ ಹೋಗುವುದನ್ನು ಕಂಡ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು. ಅಮ್ಮ ಮಾತಾಡುವಾಗ ಮಾತ್ರ ಎರಡೂ ಕಿವಿ ಜಾಗದಲ್ಲೇ ಇರುತ್ತಿದ್ದವು.

ಮಾವನನ್ನು ಹೇಳಿ ಏನು ಪ್ರಯೋಜನ, ಊರಿಗೆ ಊರೇ ಹಾಗಾಗಿದೆ. ಮೊದಲು ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟರೆ ಮರ್ಯಾದೆ ಮುಗಿಯುತ್ತಿತ್ತು. ಈಗ ಬಂದವರು ಬೆಲ್ಲದ ಕಡೆ ನೋಡುವ ಮೊದಲು ಗೋಡೆಯ ಬುಡ ನೋಡುತ್ತಾರೆ, ಚಾರ್ಜಿಗೆ ಜಾಗ ಎಲ್ಲಿದೆ ಎಂದು. ಬೈಂದೂರಿನಿಂದ ಬಂದ ಭಾವನೊಬ್ಬ ನಮ್ಮ ಫ್ರಿಜ್ಜಿನ ಪಿನ್ನು ಕಿತ್ತು ತನ್ನ ಮೊಬೈಲು ಸಿಕ್ಕಿಸಿ, ಊಟ ಮಾಡಿ, ಹೊರಟು ಹೋದ. ಮರುದಿನ ಹಾಲು ಒಡೆದಾಗಲೇ ನಮಗೆ ಗೊತ್ತಾದದ್ದು. ಅಮ್ಮನಿಗೆ ಇದೆಲ್ಲ ತಮಾಷೆ. ಹರಿವಾಣದಲ್ಲಿ ಬೆಲ್ಲದ ಪಕ್ಕ ಒಂದು ಚಾರ್ಜರನ್ನೂ ಇಟ್ಟುಬಿಡು ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದಳು.

ಇರಲಿ, ಕಿವಿಗೆ ಬರೋಣ. ಮೂರು ವರ್ಷದ ಹಿಂದೆ ನನ್ನ ಮಗಳ ಮದುವೆ ನಿಶ್ಚಯವಾಯಿತು. ನನ್ನ ಅಮ್ಮ ಶೋಭಾನೆ ಹೇಳುವುದರಲ್ಲಿ ಸುತ್ತಲಿನ ಊರಿಗೆಲ್ಲ ಹೆಸರಾದವಳು. ಮದುವೆಯಲ್ಲಿ ಹೆಂಗಸರು ಹೇಳುವ ಹಾಡು ಅದು. ಮದುಮಗನನ್ನು ಮಣೆಗೆ ಕರೆಯುವ ಹಾಡನ್ನು ಅಮ್ಮ ಎತ್ತಿಕೊಂಡರೆ ಅಡಿಗೆಯವರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ಅದನ್ನು ಕೇಳದೇ ಇದ್ದವರೆಂದರೆ ಅವಳ ಅಣ್ಣ ಒಬ್ಬರೇ. ಊರಿನ ಮದುವೆಗಳ ಕಾಲವೇ ಬೊಂಬಾಯಿಯ ಕ್ಯಾಂಟೀನಿಗೂ ಕೆಲಸದ ಕಾಲ. ತಂಗಿಯ ಮದುವೆಗೆ ಬಂದವರೂ ಧಾರೆ ಮುಗಿಸಿ ಅದೇ ಸಂಜೆಯ ಬಸ್ಸು ಹತ್ತಿದ್ದರಂತೆ. "ಈ ಸಲ ಕೇಂತೆ ಗಿರ್ಜಾ. ಇಷ್ಟ್ ವರ್ಷದ್ದ್ ಎಲ್ಲಾ ಒಂದೇ ಸಲ ಕೇಂತೆ" ಎಂದು ಮಾವ ತಿಂಗಳ ಮೊದಲೇ ತಂಗಿಗೆ ಹೇಳಿದ್ದರು. ಅಮ್ಮನೂ ಅಡುಗೆಮನೆಯಲ್ಲಿ ಗಂಟಲು ಸರಿಮಾಡಿಕೊಳ್ಳತೊಡಗಿದ್ದಳು.

ಮದುವೆಯ ಹಿಂದಿನ ದಿನ ಮಾವ ಕಿವಿಯನ್ನು ಬೇಗನೆ ಬಿಚ್ಚಿ ಚಾರ್ಜಿಗಿಟ್ಟರು. ಇಟ್ಟು ಸ್ವಲ್ಪ ಹೊತ್ತಾಗಿಲ್ಲ, ಗುಡುಗು ಶುರುವಾಯಿತು. ಮನೆ ತುಂಬ ನೆಂಟರು, ಹೂವು, ಗದ್ದಲ. ಅದರ ನಡುವೆಯೂ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಂದೊಂದೇ ಕೋಣೆಗೆ ಹೋಗಿ ಪಿನ್ನು ಕಿತ್ತಳು. ಕಿವಿಯ ಡಬ್ಬದ ಪಿನ್ನನ್ನೂ ಕಿತ್ತಳು. ಕಿತ್ತದ್ದಲ್ಲದೆ, ಮಕ್ಕಳು ತುಳಿದಾರು ಎಂದು ವಯರನ್ನು ಚಂದ ಸುತ್ತಿ ದೇವರ ಕೋಣೆಯ ಮೊಳೆಗೆ ತೂಗುಹಾಕಿದಳು. ಆಮೇಲೆ ಕರೆಂಟು ಹೋಯಿತು. ನಾವು ಬೆಳಿಗ್ಗೆ ಹೊರಡುವವರೆಗೂ ಬರಲಿಲ್ಲ.

ಕೋಟದ ಛತ್ರಕ್ಕೆ ಬಂದು ನೋಡಿದರೆ ಡಬ್ಬ ಬಂದಿದೆ, ವಯರು ಮೊಳೆಯಲ್ಲೇ ಉಳಿದಿದೆ. ಮದುಮಗಳ ಅಪ್ಪನಾದ ನಾನು ದಿಬ್ಬಣವನ್ನು ಎದುರುಗೊಳ್ಳುವುದು ಬಿಟ್ಟು ಡಬ್ಬ ಹಿಡಿದುಕೊಂಡು ಕಂಡಕಂಡವರ ಹತ್ತಿರ ವಯರು ಕೇಳುತ್ತಾ ತಿರುಗಿದೆ. ಕೊಡುವವರಿಗೇನೂ ಕಡಿಮೆಯಿರಲಿಲ್ಲ. ಬ್ಯಾಗಿನಿಂದ, ಕಾರಿನಿಂದ, ಒಬ್ಬರಂತೂ ಮದುವೆಯ ಕೋಟಿನ ಒಳಜೇಬಿನಿಂದ ತೆಗೆದು ಕೊಟ್ಟರು. ಪವರ್ ಬ್ಯಾಂಕು ಕೊಟ್ಟವರೂ ಇದ್ದರು. ಎಲ್ಲವೂ ಹೊಸ ನಮೂನೆಯ ಪಿನ್ನು, ಡಬ್ಬದ ಬಾಯಿ ಮಾತ್ರ ಹಳೆಯದು. ಒಂದೂ ಒಳಗೆ ಹೋಗಲಿಲ್ಲ. "ಬಿಡ್ ಮಗಾ. ಅದ್ರಂಗೆ ಒಂಚೂರ್ ಜೀವ ಇತ್ತ್. ಹಾಡಿಗೆ ಇಟ್ಕಂತೆ" ಎಂದರು ಮಾವ, ನನ್ನ ಬಾಯಿಯ ಆಕಾರ ನೋಡಿಯೇ ಎಲ್ಲ ಅರ್ಥಮಾಡಿಕೊಂಡು.

ಹಾಗೆ ಇಡೀ ಬೆಳಗು ಕಿವಿಯಿಲ್ಲದೆ ಕಳೆದರು. ಬಂದವರು ಏನು ಕೇಳಿದರೂ ಕೈ ಮುಗಿದು "ಹೌದ್, ಹೌದ್" ಎಂದರು. ಗಂಡಿನ ಕಡೆಯ ಹಿರಿಯರೊಬ್ಬರು ತಮಗೆ ಮೂರು ಸಲ ಆಪರೇಷನ್ ಆದದ್ದನ್ನು ಹೇಳಿದಾಗ ನಗುತ್ತಾ "ಬಾಳ ಲಾಯ್ಕಾಯ್ತ್" ಎಂದುಬಿಟ್ಟರು. ಆ ನೆಂಟಸ್ತಿಕೆಯನ್ನು ಸರಿಮಾಡಲು ನಾನು ಪಟ್ಟ ಪಾಡು ನನಗೇ ಗೊತ್ತು.

ಅಂತೂ ಮದುಮಗ ಮಣೆಯ ಹತ್ತಿರ ಬಂದ. ಹೆಂಗಸರೆಲ್ಲ ಅಮ್ಮನ ಸುತ್ತ ಸೇರಿದರು. ಮಾವ ಮುಂದಿನ ಸಾಲಿನಲ್ಲಿ ಕೂತು ಎರಡೂ ಕಿವಿ ಹಾಕಿಕೊಂಡರು. ಅಮ್ಮ ಬಾಯಿ ತೆರೆದಳು, ಆಗ ಫೋಟೋದ ಹುಡುಗ ಅಡ್ಡ ಬಂದ. "ಅಜ್ಜಿ, ಒಂಚೂರ್ ನಿಲ್ಲಿ, ಲೈಟ್ ಸರಿ ಮಾಡ್ತೆ." ಲೈಟು ಸರಿಯಾಯಿತು. ಮದುಮಗನ ಪೇಟ ಸರಿಯಾಗಬೇಕಾಯಿತು. ಅದಾದ ಮೇಲೆ ಕ್ಯಾಮೆರಾದ ಬ್ಯಾಟರಿ ಬದಲಾಗಬೇಕಾಯಿತು. ಕ್ಯಾಮೆರಾಕ್ಕೆ ಇನ್ನೊಂದು ಬ್ಯಾಟರಿ ಇತ್ತು. ಅಮ್ಮ ಕೊನೆಗೆ ಹಾಡು ಎತ್ತಿಕೊಂಡಾಗ ಮಾವನ ಕೈ ಒಮ್ಮೆ ಬಲಗಿವಿಗೆ ಹೋಯಿತು, ಒಮ್ಮೆ ಎಡಗಿವಿಗೆ ಹೋಯಿತು, ಮತ್ತೆ ಮಡಿಲಿಗೆ ಬಂದು ಬಿತ್ತು. ಆದರೂ ಅವರು ತಂಗಿಯ ತುಟಿಯನ್ನೇ ನೋಡುತ್ತಾ ತಲೆದೂಗಿದರು. ಹಾಡು ಮುಗಿಯಿತು. ಅಮ್ಮ ಎಲೆ ಅಡಿಕೆ ಬಾಯಿಗಿಟ್ಟು ಅಗಿಯುತ್ತಿದ್ದಳು. ಮಾವನ ತಲೆ ಇನ್ನೂ ತೂಗುತ್ತಲೇ ಇತ್ತು.

ಅಮ್ಮ ಅದನ್ನು ನೋಡಿದಳು. ಅಗಿಯುವುದನ್ನು ನಿಲ್ಲಿಸಿದಳು.

ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಮೊಳೆಯ ವಯರು ತೆಗೆದು ಡಬ್ಬಕ್ಕೆ ಸಿಕ್ಕಿಸಿದ್ದು. ಮರುದಿನ ಮಾವ ಕಿವಿ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. "ಗಿರ್ಜಾ, ಒಂದ್ ಸಲ ಹೇಳ್ ಕಾಂಬ."

"ಮದಿ ಇಲ್ದೆ ಶೋಭಾನೆ ಹೇಳುಕಾಗ ಅಣ್ಣಾ" ಎಂದಳು ಅಮ್ಮ. "ಮಣಿ ಮೇಲೆ ಮದ್ಮಗ ಬೇಕ್. ಖಾಲಿ ಮಣಿಗೆ ಹೇಳುಕೆ ಆತ್ತಾ?"

"ಅದೂ ಹೌದೆ" ಎಂದರು ಮಾವ. ಜಗಲಿಗೆ ಹೋದರು, ಕಿವಿ ಎರಡನ್ನೂ ಬಿಚ್ಚಿ ಡಬ್ಬದಲ್ಲಿಟ್ಟರು. ಬೆಳಗಿನ ಹೊತ್ತು, ಚಾರ್ಜು ಪೂರ್ತಿ ಇತ್ತು. ಎಂಥ ಹಟದ ಹೆಂಗಸು ಎಂದು ಅಮ್ಮನ ಮೇಲೆ ನನಗೆ ಸಿಟ್ಟು ಬಂತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಮದುವೆಯ ಸೀರೆಯನ್ನೇ ಮತ್ತೆ ಉಟ್ಟು ಹೊರಗೆ ಬಂದಳು. ಕೈಯಲ್ಲಿ ಮಣೆ. ಚಾವಡಿಯಲ್ಲಿ ರಂಗೋಲಿ ಎಳೆದು ಮಣೆ ಹಾಕಿದಳು. ಡಬ್ಬದಿಂದ ಕಿವಿ ತೆಗೆದು ಅಣ್ಣನ ಕೈಗೆ ಕೊಟ್ಟು, "ಹಾಯ್ಕೋ" ಎಂದಳು. ಹಾಕಿಕೊಂಡ ಮೇಲೆ "ಬಾ, ಕೂಕೋ" ಎಂದು ಮಣೆ ತೋರಿಸಿದಳು.

"ಎಂತ ಮರುಳಾ ನಿಂಗೆ? ಈ ಪ್ರಾಯದಂಗೆ?"

"ಪ್ರಾಯ ಹಾಡಿಗೆ ಎಂತಕೆ? ನಿಂಗೆ ಹೇಳುಕಿಪ್ದ್ ಒಂದ್ ಬಾಕಿ ಇತ್ತ್. ಕೂಕೋ ಅಂದೆ."

ಮಾವ ಕೂತರು. ಬನಿಯನ್ನಿನ ಮೇಲೆ ಶಾಲು, ನರೆತ ಎದೆ, ಎರಡೂ ಕಿವಿಯಲ್ಲಿ ಯಂತ್ರ. ಅಮ್ಮ ಕುಂಕುಮ ಇಟ್ಟಳು. ಮದುವೆಗೆ ಹಾಕುವಂತೆಯೇ ತಲೆಗೆ ಸೇಸೆಯ ಅಕ್ಕಿ ಹಾಕಿದಳು, ನನ್ನ ಹೆಂಡತಿಯೂ ಹಾಕಿದಳು. ಆಮೇಲೆ ಅಮ್ಮ ಮದುಮಗನನ್ನು ಮಣೆಗೆ ಕರೆಯುವ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಸ್ವರ ಒಡೆದಿತ್ತು, ಎರಡು ಕಡೆ ಉಸಿರು ಸಾಲಲಿಲ್ಲ. ಮದುಮಗನ ಹೆಸರು ಬರುವಲ್ಲಿ ಅಣ್ಣನ ಹೆಸರು ಹಾಕಿ ಹೇಳಿದಳು. ಮಾವ ಈ ಸಲ ತಲೆದೂಗಲಿಲ್ಲ. ಮಗುವಿನ ಹಾಗೆ ಬಾಯಿ ತೆರೆದು ಕೇಳಿದರು, ಕಣ್ಣೀರು ಇಳಿದರೂ ಒರೆಸಿಕೊಳ್ಳಲಿಲ್ಲ. ನಾನೂ ಅತ್ತೆ. ನನ್ನ ಮೊಬೈಲು ಒಳಗೆ ಚಾರ್ಜಿಗಿತ್ತು. ಇದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮುಗಿದ ಮೇಲೆ ಮಾವ ಶಾಲಿನ ತುದಿಯಿಂದ ಮುಖ ಒರೆಸಿಕೊಂಡರು. ಆಮೇಲೆ, "ನೀ ಇಷ್ಟ್ ಲಾಯ್ಕ್ ಹೇಳ್ತೆ ಅಂದೇಳಿ ಗೊತ್ತಿದ್ರೆ, ನಾ ಅವತ್ತೇ ಮದಿ ಆತಿದ್ದೆ" ಎಂದರು. ಅಮ್ಮ ನಗುತ್ತಾ ಅವರ ತಲೆಯ ಮೇಲಿನ ಅಕ್ಕಿ ಕೊಡವಿದಳು.

ಇದೆಲ್ಲ ಪಿನ್ನಿನ ಮೇಲೆ ಕೈಯಿಟ್ಟು ನಿಂತ ಅಷ್ಟೇ ಹೊತ್ತಿನಲ್ಲಿ ನೆನಪಾದದ್ದು. ಅಷ್ಟರಲ್ಲಿ ಮಿಂಚಿತು. ಮಿಂಚು ಮಾವನಿಗೂ ಕಾಣಿಸಿತು. ನನ್ನ ಕಡೆ ತಿರುಗಿ, "ಗುಡುಗ್ತಾ ಮಗಾ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ.

"ಹಂಗಾರೆ ನೀ ಕೂಕೋ. ಗಿರ್ಜಾ ಬತ್ಲ್, ಪಿನ್ ತೆಗೂಕೆ."

ಹೇಳಿದ ಮೇಲೆ ಅವರಿಗೇ ನೆನಪಾಯಿತು. ಅಂಗಳದ ಕಡೆ ಮುಖ ತಿರುಗಿಸಿಕೊಂಡರು. ನಾನು ಪಿನ್ನು ಕಿತ್ತೆ, ಕಿವಿ ಎರಡನ್ನೂ ತೆಗೆದು ಅವರ ಅಂಗೈಯಲ್ಲಿಟ್ಟೆ. ಚಾರ್ಜು ಅರ್ಧವೂ ಆಗಿರಲಿಲ್ಲ. ಯಾವತ್ತಿನ ಮಾವನಾದರೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಇವತ್ತು ಕಿವಿಗೇ ಹಾಕಿಕೊಂಡರು, ಇನ್ನೊಂದು ಗುಡುಗು ಬರುವವರೆಗೆ ಕಾದು ಕೇಳಿದರು. ಆಮೇಲೆ ಪಕ್ಕದ ಕುರ್ಚಿ ಎಳೆದು, "ಕೂಕೋ ಮಗಾ. ಎಂತಾರೂ ಮಾತಾಡ್, ಕೇಂತೆ" ಎಂದರು.

ನಾನು ಕೂತೆ. ವಯರನ್ನು ಅಮ್ಮನ ಹಾಗೆಯೇ ಸುತ್ತುತ್ತಾ, ಸಕ್ಕರೆಯ ಮಾತು ಬಿಟ್ಟು ಬೇರೇನು ಹೇಳಲಿ ಎಂದು ಯೋಚಿಸತೊಡಗಿದೆ.