ನಾನು ನೋಡದೆ ಚೆಲ್ಲಿದ ಸ್ಯಾಂಪಲ್

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಯಜಮಾನರು ಬಚ್ಚಲಿನಿಂದ ಬಂದು, "ಯಾಕೋ ಕೆಂಪಗೆ ಹೋಯ್ತು ಕಣೆ," ಎಂದರು.

"ಉಷ್ಣ ಆಗಿರ್ಬೇಕು ಬುಡಿ," ಎಂದೆ. ಬಾರ್ಲಿ ನೀರು ಕುದಿಸಿ ಕೊಟ್ಟೆ.

ನಾನು ಚಾಮರಾಜಪುರಂನ ಸಣ್ಣ ಲ್ಯಾಬೊಂದರಲ್ಲಿ ಟೆಕ್ನಿಷಿಯನ್. ಊರವರ ಮೂತ್ರ ಪರೀಕ್ಷಿಸುವುದೇ ನನ್ನ ಕೆಲಸ. ಮತ್ತೆ ಕೆಂಪಗೆ ಹೋದಾಗ ಅವರದ್ದೂ ಒಂದು ಡಬ್ಬಿ ಒಯ್ದು ಸ್ಟ್ರಿಪ್ ಅದ್ದಿದೆ. ರಕ್ತವಿತ್ತು. ಹಿಂದೊಮ್ಮೆ ಅವರಿಗೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಇದೂ ಅದೇ ಅಂದುಕೊಂಡೆ. ಹೊರಗೆ ಜನ ಕಾಯುತ್ತಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಲಿಲ್ಲ.

ಸಿಂಕಿಗೆ ಚೆಲ್ಲಿದೆ.

ಎಂಟು ತಿಂಗಳು ಹಾಗೇ ಹೋಯಿತು. ಆಮೇಲೆ ಉರಿ, ರಕ್ತದ ಹೆಪ್ಪು. ಸ್ಕ್ಯಾನ್, ಮೂತ್ರಕೋಶದೊಳಗೆ ಕ್ಯಾಮೆರಾ ಬಿಟ್ಟು ನೋಡುವ ಸಿಸ್ಟೊಸ್ಕೋಪಿ, ಬಯಾಪ್ಸಿ. ರಿಪೋರ್ಟ್ ನೋಡಿದ ಡಾಕ್ಟರು, "ಆಫ್ರಿಕಾ ಕಡೆ ಏನಾದ್ರೂ ಇದ್ರಾ?" ಎಂದು ಕೇಳಿದರು.

"ಮದುವೆಗೆ ಮುಂಚೆ ಮಲಾವಿಯಲ್ಲಿ ಪಂಪ್ ಮೆಕ್ಯಾನಿಕ್ ಆಗಿದ್ದೆ ಸಾರ್. ದಿನಾ ಸರೋವರದಲ್ಲೇ ಸ್ನಾನ."

ಅಲ್ಲಿನ ನೀರಿನ ಪರಾವಲಂಬಿ ಹುಳುವೊಂದು ಚರ್ಮದ ಮೂಲಕ ಒಳಹೊಕ್ಕಿತ್ತು. ಅದರ ಮೊಟ್ಟೆಗಳು ಇಷ್ಟು ವರ್ಷ ಮೂತ್ರಕೋಶದ ಗೋಡೆಯಲ್ಲಿ ಉಳಿದು ಅದನ್ನು ಕೆರಳಿಸುತ್ತಲೇ ಇದ್ದವು.

ಕ್ಯಾನ್ಸರ್.

"ಮೊದಲೇ ಗೊತ್ತಾಗೋ ದಾರಿ ಇತ್ತಾ ಸಾರ್?" ಎಂದೆ.

"ಮೂತ್ರದಲ್ಲೇ ಕ್ಯಾನ್ಸರಿನ ಗುರುತು ಹುಡುಕೋ ಟೆಸ್ಟ್‌ಗಳು ಬರ್ತಾ ಇದಾವಮ್ಮ. ಗಡ್ಡೆ ಚಿಕ್ಕದಿದ್ದಾಗಲೇ ಸುಳಿವು ಸಿಗಬಹುದು. ಈ ತರದ ಕ್ಯಾನ್ಸರಿಗೆ ಅದೊಂದನ್ನೇ ನಂಬೋ ಹಂತ ಇನ್ನೂ ಬಂದಿಲ್ಲ." ರಿಪೋರ್ಟ್ ಮಡಚಿ ಕೊಡುತ್ತಾ, "ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಮೊಟ್ಟೆ ಕಾಣ್ತಿತ್ತೇನೋ," ಎಂದರು.

ನಾನೇನು ಕೆಲಸ ಮಾಡುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ.

ಮೂತ್ರಕೋಶವನ್ನೇ ತೆಗೆದರು. ಈಗ ಹೊಟ್ಟೆಯ ಮೇಲೆ ಮೂತ್ರ ತುಂಬುವ ಒಂದು ಬ್ಯಾಗ್. ಒಂದು ದಿನ ಅದನ್ನು ಬದಲಿಸುತ್ತಾ ಆ ಸ್ಯಾಂಪಲ್ಲಿನ ವಿಷಯ ಹೇಳಿಬಿಟ್ಟೆ. ಅವರು ಅಂಗಿ ಕೆಳಗೆಳೆದುಕೊಂಡರು.

"ಹಿನಕಲ್ ಮಹದೇವನೂ ನನ್ ಜೊತೆ ಮಲಾವಿಲೇ ಇದ್ದ. ಅವನೂ ಆ ನೀರಲ್ಲೇ ಈಜ್ತಿದ್ದ," ಎಂದರು. "ಅವನದ್ದು ನೋಡು."

ಮಹದೇವ ನಾಚಿಕೊಂಡೇ ಡಬ್ಬಿ ತಂದರು. "ನಂಗೇನೂ ಆಗಿಲ್ಲ ಅತ್ತಿಗೆ." ಸ್ಲೈಡ್ ಮಾಡಿ ಒಂದೊಂದೇ ಮೂಲೆ ಹುಡುಕಿದೆ. ಎರಡನೇ ಸ್ಲೈಡಿನಲ್ಲಿ ಸಿಕ್ಕಿತು: ಉದ್ದನೆಯ ಮೊಟ್ಟೆ, ತುದಿಯಲ್ಲೊಂದು ಮುಳ್ಳು. ಸ್ಲೈಡನ್ನು ಡಾಕ್ಟರಿಗೆ ಒಯ್ದು ತೋರಿಸಿದೆ.

ಮಹದೇವನಿಗೆ ಹುಳು ಸಾಯುವ ಮಾತ್ರೆ ಕೊಟ್ಟರು. ಸಿಸ್ಟೊಸ್ಕೋಪಿಯಲ್ಲಿ ಗಡ್ಡೆ ಇರಲಿಲ್ಲ. ಆಪರೇಷನ್ ಆದ ಮೇಲೆ ನಮ್ಮ ಯಜಮಾನರ ಮೊದಲ ಸ್ಕ್ಯಾನೂ ಸದ್ಯಕ್ಕೆ ಚೆನ್ನಾಗಿದೆ.

ಮೊನ್ನೆ ಮಹದೇವ ಮನೆಗೆ ಬಂದು ಇವರ ಪಕ್ಕ ಕೂತು, "ಅತ್ತಿಗೆ ನೋಡಿದ್ದಕ್ಕೆ ಉಳ್ಕೊಂಡೆ ಶಿವಣ್ಣ," ಎಂದರು.

"ಹೂಂ ಕಣೋ. ಅವಳು ಸರಿಯಾಗಿ ನೋಡ್ತಾಳೆ," ಎಂದರು ಇವರು.

ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸಹಿಸಿಕೊಳ್ಳುವುದು ಸುಲಭವಾಗುತ್ತಿತ್ತು.