ಟ್ರ್ಯಾಕ್ಟಬಲ್ ಹುಡುಗಿ

ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಎಂಬತ್ತರ ಆಚೀಚೆ ಇಂಗ್ಲಿಷ್ ಹೆಚ್ಚಾಗಿ ಕಸೂತಿಯಲ್ಲೇ ಕಾಣುತ್ತಿತ್ತು. ಬಾಗಿಲ ಪರದೆಯ ಮೇಲೆ ‘ವೆಲ್‌ಕಮ್’, ತಲೆದಿಂಬಿನ ಮೇಲೆ ‘ಸ್ವೀಟ್ ಡ್ರೀಮ್ಸ್’. ನಮ್ಮ ಮನೆಯ ಗೋಡೆಯ ಮೇಲೆ ಮಾತ್ರ ‘ಟ್ರ್ಯಾಕ್ಟಬಲ್’ ಎಂದಿತ್ತು. ಹಾಕಿದವಳು ನಾನೇ.

ಆ ಶಬ್ದ ಕೊಟ್ಟವರು ನಮ್ಮ ಹೈಸ್ಕೂಲಿನ ಇಂಗ್ಲಿಷ್ ಸರ್. ಶಿಕ್ಷಕಿಯಾಗಬೇಕೆಂಬುದು ನನ್ನ ಒಂದೇ ಹಟ. ಬಾಗಲಕೋಟೆಯ ತರಬೇತಿ ಸಂಸ್ಥೆಗೆ ಅರ್ಜಿಯ ಜೊತೆ ಗುರುಗಳ ಶಿಫಾರಸು ಪತ್ರ ಬೇಕಿತ್ತು. ಕ್ಲಾಸಿನಲ್ಲಿ ಸರ್ ತಪ್ಪಿದರೆ ಎದ್ದು ನಿಂತು ಹೇಳುತ್ತಿದ್ದವಳು ನಾನೊಬ್ಬಳೇ. ಅವರೂ ನಕ್ಕು ‘ಶಹಬ್ಬಾಸ್’ ಎನ್ನುತ್ತಿದ್ದರು.

“ನಿನ್ನಂಥ ಶ್ಯಾಣೆ ಹುಡುಗಿನ್ನ ನಾ ನೋಡಿಲ್ಲವಾ, ಹಂಗ ಬರದೇನಿ” ಎಂದು ಪತ್ರ ಕೈಗಿಟ್ಟರು. ಅದರಲ್ಲಿ ನನಗೆ ತಿಳಿಯದ ಶಬ್ದ ಒಂದೇ, ‘ಟ್ರ್ಯಾಕ್ಟಬಲ್’. ಹಾಗಾದರೆ ಶ್ಯಾಣೆಗೆ, ಅಂದರೆ ಜಾಣೆಗೆ, ಇಂಗ್ಲಿಷಿನಲ್ಲಿ ಅದೇ ಇರಬೇಕು! ಹಿಗ್ಗಿ ಹೀರೇಕಾಯಿಯಾದೆ. ಅವ್ವನ ಕೆಂಪು ರೇಷ್ಮೆ ಎಳೆಯಲ್ಲಿ ಬಟ್ಟೆಯ ಮೇಲೆ ಅದರ ಒಂಬತ್ತು ಇಂಗ್ಲಿಷ್ ಅಕ್ಷರ ಹಾಕಿ ಗೋಡೆಗೆ ತೂಗುಬಿಟ್ಟೆ. ಸೀರೆ ನೋಡಲು ಬಂದ ಸರ್ ಅದರ ಕೆಳಗೇ ಕೂತು, “ಹೊಲಿಗಿ ಭಾಳ ಚಂದ ಹಾಕೀಯವಾ” ಎಂದರು. ಸೀರೆ ಆರಿಸಿಕೊಂಡು ಹೋದರು.

ಸಂದರ್ಶನದಲ್ಲಿ ಆ ಸಂಸ್ಥೆಯ ಹಿರಿಯ ಶಿಕ್ಷಕಿ, ಅಕ್ಕೋರು, ಪತ್ರ ಓದಿ ತಲೆದೂಗಿದರು.

“ಇಂಥ ಹುಡುಗ್ಯಾರ ಬೇಕು ನಮಗ. ಈ ಶಬ್ದದ ಅರ್ಥ ಗೊತ್ತೈತೇನು?”

“ಭಾಳ ಶ್ಯಾಣ್ಯಾಕಿ ಅಂತ್ರೀ.”

ಕೂತವರೆಲ್ಲ ನಕ್ಕರು. ಅಕ್ಕೋರು ಶಬ್ದಕೋಶ ತೆಗೆದು ನನ್ನ ಮುಂದೆ ಹಿಡಿದರು. ಹೇಳಿದಂತೆ ಕೇಳುವ, ಸುಲಭವಾಗಿ ಪಳಗುವ. ಮನುಷ್ಯರಿಗೂ ಹೇಳಬಹುದು, ದನಕ್ಕೂ ಹೇಳಬಹುದು.

ಸೀಟು ಅಲ್ಲೇ ಸಿಕ್ಕಿತು. ನಾನು ಹುನಗುಂದ ಬರುವವರೆಗೂ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತೆ. ಅರ್ಥ ಬಲ್ಲ ಸರ್ ನಮ್ಮ ಮನೆಯಲ್ಲೇ ಕೂತು ನನ್ನ ಕಿವಿಗೆ ಹೂವಿಟ್ಟು ಎದ್ದುಹೋಗಿದ್ದರು.

ಸುದ್ದಿ ಕೇಳಿ ಸರ್ ಖುಷಿಯಿಂದ ಮನೆಗೆ ಬಂದರು. ನಾನು ಕೇಳಿಯೇಬಿಟ್ಟೆ.

“ಶ್ಯಾಣೆ ಅಂತ ಬರದೇನಿ ಅಂದಿದ್ರಲ್ರೀ ಸರ?”

ಅವರಿಗೆ ಚೂರೂ ನಾಚಿಕೆಯಿಲ್ಲ. “ಎದುರು ಮಾತಾಡೂ ಹುಡುಗಿ ಅಂತ ಖರೆ ಬರದಿದ್ರ ಸೀಟ್ ಕೊಡತಿದ್ರೇನು? ನಿನ್ನ ಒಳ್ಳೇದಕ್ಕ ಬರದೇನಿ.”

ನಾನು ಅವ್ವನ ಕಡೆ ನೋಡಿದೆ. ನನ್ನ ಮಗಳು ಯಾರಿಗೂ ಅಂಜಾಕಿ ಅಲ್ಲ ಎಂದು ಓಣಿಗೆಲ್ಲ ಸಾರುತ್ತಿದ್ದ ಅವ್ವ ಇವರಿಗೆ ಈಗ ಸರಿಯಾಗಿ ಮಂಗಳಾರತಿ ಎತ್ತುತ್ತಾಳೆ ಎಂದುಕೊಂಡೆ.

“ಖರೆ ಐತ್ರಿ ಸರ,” ಎಂದಳು ಅವ್ವ. “ಹೆಣ್ಣಮಕ್ಕಳಿಗೆ ಅದ ಛಲೋ. ಹೋಗವಾ, ಚಾ ಇಡು.”

ಸಿಟ್ಟು ನೆತ್ತಿಗೇರಿತ್ತು. ಆದರೂ ಹೇಳಿದಂತೆ ಒಳಗೆ ಹೋಗಿ ಚಹಾ ಇಟ್ಟೆ, ಸೋಸಿ ತಂದು ಇಬ್ಬರ ಕೈಗೂ ಕೊಟ್ಟೆ. ಅವರಿಬ್ಬರನ್ನೂ ನಾನು ಇವತ್ತಿಗೂ ಕ್ಷಮಿಸಿಲ್ಲ. ಆ ಚಹಾ ಕಾಸಿದವಳನ್ನೂ.