ಮಾಮಿಯ ಮೆಸ್ಸಿಗೆ ಏಳು ಚೆಕ್ ಬಾಕ್ಸ್

ಸೋಮವಾರ ಮಧ್ಯಾಹ್ನ ಮಣಿಪಾಲದ ಲೇಡೀಸ್ ಹಾಸ್ಟೆಲಿಗೆ ಹೋದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ, ಮುಕ್ಕಾಲು ಪಾತ್ರೆ ಹಾಗೇ ಕಾಪುವಿನ ನಮ್ಮ ಮನೆಗೆ ವಾಪಸ್ ಬಂತು.

ಮಾಮಿ ಮುಚ್ಚಳ ತೆಗೆದು ನೋಡಿದರು. ಮುಚ್ಚಿದರು. ಪಾತ್ರೆಯನ್ನು ಮೂಲೆಗೆ ತಳ್ಳಿದರು... ನನಗೆ ಹೆದರಿಕೆ ಆದದ್ದು ಅದಕ್ಕೇ.

ಮಾಮಿ ಅಂದರೆ ನನ್ನ ಅತ್ತೆ. ನಮ್ಮ ತುಳು ಮನೆಗಳಲ್ಲಿ ಗಂಡನ ಅಮ್ಮನನ್ನು ಕರೆಯುವುದು ಹಾಗೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ನಾನು ಕಾರ್ಕಳದಿಂದ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ.

ಮಾಮಿ ಕಾಪುವಿನ ಮನೆಯಲ್ಲೇ ಅಡುಗೆ ಮಾಡಿಸಿ ಟೆಂಪೋದಲ್ಲಿ ಆ ಹಾಸ್ಟೆಲಿಗೆ ಕಳಿಸುತ್ತಿದ್ದರು. ಯಾರ ಹತ್ತಿರವೂ ಕೈ ಚಾಚದೆ, ಒಬ್ಬರೇ ನಿಂತು ಕಟ್ಟಿದ ಮೆಸ್ಸು ಅದು.

ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಒಂದು ದಿನ ರಾಶಿ ಮಿಕ್ಕುತ್ತದೆ, ಮರುದಿನ ಅರ್ಧ ಹುಡುಗಿಯರಿಗೆ ಸಾಲುವುದಿಲ್ಲ. ನಮ್ಮೂರಿನವರಾದರೆ ಯಾವ ವಾರ ಮೀನು ಮುಟ್ಟುವುದಿಲ್ಲ ಅಂತ ಕೇಳದೆಯೇ ಗೊತ್ತು. ಅಲ್ಲಿ ಇದ್ದವರೋ ದೇಶದ ಎಲ್ಲ ಮೂಲೆಯವರು. ಆ ದಿನದ ಶ್ರಾವಣ ಸೋಮವಾರ ಅವರಿಗೂ ಉಂಟು ಅಂತ ನಮಗೆ ಹೇಳುವವರು ಯಾರು?

ಸಂಜೆ ವಾರ್ಡನ್ ಫೋನ್ ಮಾಡಿದರು. "ಅಕ್ಕ, ಈ ತಿಂಗಳು ನೋಡುವ. ಸರಿ ಆಗದಿದ್ದರೆ ಬೇರೆಯವರಿಗೆ ಕೊಡಬೇಕಾಗ್ತದೆ."

ಮಾಮಿ ಫೋನ್ ಇಟ್ಟು ಗೋಡೆಗೆ ಒರಗಿ ಕುಳಿತರು. ಅವರು ಹಾಗೆ ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಾರ್ಕಳದಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದ್ದೆನಲ್ಲ, ಬಾಯಿ ಸುಮ್ಮನಿರಲಿಲ್ಲ. "ಮಾಮಿ, ಹುಡುಗಿಯರನ್ನೇ ಕೇಳುವ. ನಾನು ಇಂಟರ್‌ನೆಟ್ಟಿನಲ್ಲಿ ಒಂದು ಫಾರ್ಮ್ ಮಾಡ್ತೇನೆ."

"ನಿನ್ನ ಕಂಪ್ಯೂಟರ್ ಎಂತ, ಮೀನು ಕೊಯ್ತದಾ?"

ಆ ಮಾತು ನನಗೇ ಬಿದ್ದದ್ದು. ನನಗೆ ಮೀನು ಕೊಯ್ಯಲು ಬರುತ್ತಿರಲಿಲ್ಲ. ಈಗಲೂ ಅಷ್ಟಕ್ಕಷ್ಟೇ, ಮುಚ್ಚಿಡುವುದೇನು!

ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕುಳಿತು ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿದೆ. ವೆಜ್, ನಾನ್‌ವೆಜ್, ಎರಡು ಚಂದದ ದುಂಡು ರೇಡಿಯೋ ಬಟನ್. ಒಂದು ಒತ್ತಿದರೆ ಇನ್ನೊಂದು ತಾನಾಗಿಯೇ ಹೋಗುತ್ತದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಹಾಗೇ ಪರೀಕ್ಷೆಗೆಂದು ನನ್ನ ಹೆಸರು ಹಾಕಿ ತುಂಬಲು ಹೋದೆ... ಕೈ ನಿಂತಿತು.

ನಾನು ಯಾವುದು? ಸೋಮವಾರ ವೆಜ್. ಸಂಕ್ರಾಂತಿಗೆ ವೆಜ್. ಉಳಿದ ದಿನ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಊಟ ತನ್ನಿಚ್ಛೆ ಅಂತಾರೆ, ನಾನು ಆ ಇಚ್ಛೆಯನ್ನು ಎರಡು ಬಟನ್ನಿಗೆ ಕಟ್ಟಿಹಾಕಿದ್ದೆ!

ಎಲ್ಲ ಅಳಿಸಿದೆ. ವಾರದ ಏಳು ದಿನಕ್ಕೆ ಏಳು ಚೌಕದ ಚೆಕ್ ಬಾಕ್ಸ್ ಹಾಕಿದೆ. ಮೀನು, ಕೋಳಿ ಯಾವ ದಿನ ಬೇಕೋ ಆ ದಿನಕ್ಕೆ ಟಿಕ್, ಬೇಡದ ದಿನ ಖಾಲಿ. ಬೇಕಾದರೆ ಏಳೂ ಟಿಕ್ ಮಾಡಲಿ, ಒಂದೂ ಮಾಡದಿರಲಿ.

ಫ್ರೀಯಾಗಿ ಸಿಗುವ ಒಂದು ವೆಬ್‌ಸೈಟಿನಲ್ಲಿ ಹಾಕಿ, ವಾರ್ಡನ್‌ಗೆ ಅದರ ವಿಳಾಸ ಕೊಟ್ಟೆ. ತುಂಬಿದ್ದೆಲ್ಲ ನನ್ನ ಈಮೇಲಿಗೆ ಬರಬೇಕು. ಹುಡುಗಿಯರು ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಶನಿವಾರದೊಳಗೆ ತುಂಬಬೇಕು. ಆದಿತ್ಯವಾರ ಬೆಳಿಗ್ಗೆ ಮಾಮಿ ಮೀನಿನವರಿಗೆ ವಾರದ ಲೆಕ್ಕ ಹೇಳಬೇಕು.

ಶನಿವಾರ ಸಂಜೆ ಈಮೇಲ್ ತೆರೆದೆ. ಎಲ್ಲರೂ ತುಂಬಿದ್ದಾರೆ. ಆದರೆ ಒಬ್ಬಳದು ಪೂರ್ತಿ ಖಾಲಿ, ಉಳಿದ ಒಬ್ಬೊಬ್ಬರದೂ ಒಂದೇ ದಿನ, ಹೆಚ್ಚಿನವರದು ಆದಿತ್ಯವಾರ!

ಇಡೀ ಹಾಸ್ಟೆಲ್ ವಾರಕ್ಕೊಮ್ಮೆ ಮಾತ್ರ ಮೀನು ತಿನ್ನುತ್ತದೆಯಾ? ಮಾಮಿಗೆ ಇದನ್ನು ಹೇಳಿದರೆ ಮೆಸ್ಸೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು.

ಕೋಡನ್ನು ಸಾಲುಸಾಲಾಗಿ ಓದಿದೆ. ತಪ್ಪು ಸಿಕ್ಕಿತು. ಕೋಡಿನೊಳಗೆ ಏಳು ಬಾಕ್ಸಿಗೂ ಒಂದೇ ಹೆಸರು ಕೊಟ್ಟಿದ್ದೆ. ನಾಲ್ಕು ದಿನ ಟಿಕ್ ಮಾಡಿದರೂ ಕೊನೆಯ ಟಿಕ್ ಮಾತ್ರ ನನಗೆ ತಲುಪುತ್ತಿತ್ತು. ಒಂದೊಂದು ಬಾಕ್ಸಿಗೂ ಅದರದೇ ದಿನದ ಹೆಸರು ಕೊಟ್ಟೆ.

ವಾರ್ಡನ್‌ಗೆ ಫೋನ್ ಮಾಡಿ, ದಯವಿಟ್ಟು ಊಟದ ಹೊತ್ತಿಗೆ ಎಲ್ಲರೂ ಇನ್ನೊಮ್ಮೆ ತುಂಬಲಿ ಅಂತ ಕೇಳಿಕೊಂಡೆ. ಬೈದರು, ಆದರೆ ತುಂಬಿಸಿದರು.

ಈ ಸಲ ಬಂತು ನೋಡಿ! ಕೇರಳದ ಹುಡುಗಿಯರದ್ದು ಏಳೂ ಟಿಕ್. ಉತ್ತರದ ಕಡೆಯವರಲ್ಲಿ ಹಲವರದು ಸೋಮವಾರ, ಮಂಗಳವಾರ ಖಾಲಿ. ಉಡುಪಿಯ ಒಬ್ಬಳದ್ದು ಏಳೂ ಖಾಲಿ. ಸೈಬರ್ ಕೆಫೆಯವ ಬಾಗಿಲು ಹಾಕುತ್ತೇನೆ ಅಂತ ಗೊಣಗುತ್ತಿದ್ದ, ನಾನು ಖುಷಿಯಲ್ಲಿ ಒಬ್ಬಳೇ ನಗುತ್ತಿದ್ದೆ.

ದಿನದ ಲೆಕ್ಕ ಬರೆದು ಮಾಮಿಗೆ ಕೊಟ್ಟೆ. ಅವರು ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡರು. ಅಷ್ಟೇ ಮೀನು ತರಿಸಿದರು.

ಸೋಮವಾರ ಪಾತ್ರೆ ಖಾಲಿ ಬಂತು. ಮಂಗಳವಾರವೂ ಖಾಲಿ. ಯಾರಿಗೂ ಕಡಿಮೆ ಬೀಳಲಿಲ್ಲ ಅಂತ ಟೆಂಪೋದವರೇ ಹೇಳಿದರು. ಮಾಮಿ ಪಾತ್ರೆಯೊಳಗೆ ಬಗ್ಗಿ ನೋಡಿ "ಹೂಂ" ಅಂದರು. ಅವರ ಹೂಂ ಅಂದರೆ ನಮ್ಮ ಮನೆಯಲ್ಲಿ ಸನ್ಮಾನ!

ತಿಂಗಳ ಕೊನೆಗೆ ವಾರ್ಡನ್ ಕರೆದರು. ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಅಲ್ಲಿ ನೋಡಿದರೆ ಮುಂದಿನ ವರ್ಷಕ್ಕೂ ನೀವೇ ಮಾಡಿ ಅಂತ ಕಾಗದ ಮುಂದಿಟ್ಟರು!

"ಆ ಫಾರ್ಮ್ ಎಲ್ಲಿ ಮಾಡಿಸಿದ್ದು ಅಕ್ಕ? ಮಣಿಪಾಲದ ಕಂಪ್ಯೂಟರಿನವರಾ?"

ಮಾಮಿ ಸೆರಗು ಸರಿಮಾಡಿಕೊಂಡು, ಅವರ ನಿಧಾನದ ಕನ್ನಡದಲ್ಲಿ ಹೇಳಿದರು: "ಇವಳು ನನ್ನ ಸೊಸೆ. ಮೀನು ಕೊಯ್ಯಲಿಕ್ಕೆ ಬರುವುದಿಲ್ಲ. ಆದರೆ ಇವಳು ಲೆಕ್ಕ ಹೇಳದೆ ನಾನು ಒಲೆ ಹಚ್ಚುವುದಿಲ್ಲ."

ನಾನು ಕಿಟಕಿ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಆಮೇಲೆ ಎಷ್ಟೋ ಫಾರ್ಮ್ ಮಾಡಿದ್ದೇನೆ, ಸರ್ಟಿಫಿಕೇಟೂ ಸಿಕ್ಕಿದೆ... ಆದರೆ ಅತ್ತೆ ಪರರ ಎದುರು ಹೀಗೆ ಹೇಳಿದ ಸೊಸೆಯಂದಿರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ, ಹೇಳಿ ನೋಡುವ?